ಆರಿಸಿದ್ರೆ ತಾನೆ ಇಳಿಸೋದು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಅರಾಜಕತಾವಾದದ ಬಗ್ಗೆ, ಅಂದ್ರೆ ಮೇಲೊಂದು ಸರ್ಕಾರ ಇಲ್ಲದೆ ಜನ ತಾವೇ ಕೂಡಿ ಬದುಕಬಹುದು ಅನ್ನೋ ವಿಚಾರದ ಬಗ್ಗೆ ಮಾತಾಡ್ತೀನಿ, ಆದ್ರೆ ಯುರೋಪಿನಿಂದ ಶುರು ಮಾಡಲ್ಲ, ನಮ್ಮೂರ ನಾಲೆಯಿಂದ ಶುರು ಮಾಡ್ತೀನಿ.

ನಮ್ದು ದಾವಣಗೆರೆ ತಾಲ್ಲೂಕು, ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ಹಳ್ಳಿ. ಕೊನೆ ಭಾಗ ಅಂದ್ರೆ ಏನು ಅಂತ ಈ ಕಡೆಯೋರಿಗೆ ಬಿಡಿಸಿ ಹೇಳಬೇಕಿಲ್ಲ, ಡ್ಯಾಮಿಂದ ನೀರು ಬಿಟ್ರು ಅಂತ ಪೇಪರಲ್ಲಿ ಬಂದು ಎಷ್ಟೋ ದಿನ ಆದ್ರೂ ನಮ್ಮ ತೂಬಿನ ಬಾಯಲ್ಲಿ ಮಣ್ಣು ಬಿರುಕು ಬಿಟ್ಕೊಂಡೇ ಇರುತ್ತೆ, ಮೇಲಿನೋರು ನಾಲೆಗೇ ಪಂಪ್‌ಸೆಟ್ ಇಟ್ಟು ಎತ್ತಿರ್ತಾರೆ. ಹಂಗೆ ಒಂದು ಬೇಸಿಗೆ ಭತ್ತ ಒಣಗ್ತಿದ್ದಾಗ ನಾವು ಏಳೆಂಟು ಹುಡುಗ್ರು, ಆಗಷ್ಟೇ ಕಾಲೇಜು ಮುಗಿಸಿದೋರು, ರಷ್ಯಾದ ಅರಾಜಕತಾವಾದಿ ಚಿಂತಕ ಕ್ರೊಪಾಟ್ಕಿನ್ನನ ಬಗ್ಗೆ ಓದಿ ತಲೆ ತುಂಬ ಕನಸು ತುಂಬ್ಕೊಂಡೋರು, ಒಂದು ಗುಂಪು ಕಟ್ಟಿದ್ವಿ. ಅಧ್ಯಕ್ಷ ಬೇಡ, ಕಾರ್ಯದರ್ಶಿ ಬೇಡ, ಎಲ್ಲರೂ ಸಮ, ಎಲ್ಲರೂ ಒಪ್ಪಿದ್ರೆ ಮಾತ್ರ ತೀರ್ಮಾನ. ಅದನ್ನ ನಾನು ಮನಸಾರೆ ನಂಬಿದ್ದೆ.

ಮೀಟಿಂಗು ರಾತ್ರಿ ಒಂಬತ್ತಕ್ಕೆ, ಗುಡಿ ಕಟ್ಟೆ ಮೇಲೆ. ಹೆಣ್ಮಕ್ಕಳು ಆ ಹೊತ್ತಿಗೆ ಬರೋಕಾಗಲ್ಲ, ಕೂಲಿಗೆ ಹೋಗಿ ಬಂದೋರು ಹತ್ತಕ್ಕೆಲ್ಲ ತೂಕಡಿಸ್ತಿದ್ರು, ಹನ್ನೆರಡರ ತನಕ ಯಾರು ಕೂತಿರ್ತಾರೋ ಅವರು ಹೇಳಿದ್ದೇ "ಎಲ್ಲರ" ತೀರ್ಮಾನ ಆಗ್ತಿತ್ತು. ಇನ್ನೂ ಒಂದು ಮಾತು, ಹೇಳೋಕೆ ಸಂಕಟ ಆಗುತ್ತೆ. ಕಾಲೋನಿಯಿಂದ ಬಂದೋರು ಕಟ್ಟೆ ಹತ್ತುತ್ತಿರಲಿಲ್ಲ, ಕೆಳಗೆ ನಿಂತೇ ಕೇಳ್ತಿದ್ರು. ಎಲ್ಲರೂ ಸಮ ಅಂತ ಅಷ್ಟು ಮಾತಾಡಿದ ನಮಗೆ ಅದು ತಿಂಗಳುಗಟ್ಟಲೆ ಕಣ್ಣಿಗೇ ಬೀಳಲಿಲ್ಲ.

ಗುಂಪಲ್ಲಿ ಬೈಕ್ ಇದ್ದದ್ದು ಒಬ್ಬ ಗೆಳೆಯನ ಹತ್ರ, ಇಂಜಿನಿಯರ್ ಫೋನ್ ನಂಬರ್ ಇದ್ದದ್ದೂ ಅವನ ಹತ್ರಾನೇ. ಮೂರು ತಿಂಗಳಲ್ಲಿ ಅವನೇ ಲೀಡರ್ ಆಗೋದ. ಕೆಟ್ಟೋನಲ್ಲ ಅವನು, ನಿಜವಾಗ್ಲೂ ಓಡಾಡಿದ. ಆದ್ರೆ ಯಾವ ತೂಬು ಯಾವತ್ತು ತೆಗೀಬೇಕು ಅಂತ ಅವನು ಹೇಳಿದಂಗೆ ನಡೀತು, ಅದು ಅವನ ಅಣ್ತಮ್ಮಂದಿರ ಗದ್ದೆಗೇ ಅನುಕೂಲ ಆಗ್ತಿತ್ತು, ಬೇರೆಯವನಿಗೆ ಜವಾಬ್ದಾರಿ ಕೊಡಣ ಅಂದ್ರೆ ಹೆಂಗೆ ಕೊಡೋದು? ಅವನನ್ನ ಯಾರೂ ಆರಿಸಿರಲೇ ಇಲ್ಲ. ಆರಿಸಿದ್ರೆ ತಾನೆ ಇಳಿಸೋದು.

ಇದನ್ನ ಅಮೆರಿಕದ ಮಹಿಳಾ ಹೋರಾಟಗಾರ್ತಿ ಜೋ ಫ್ರೀಮನ್ 1970ರ ದಶಕದ ಶುರುವಲ್ಲೇ ಹೇಳಿದ್ರು, ರಚನೆ ಇಲ್ಲದ ಗುಂಪು ಅಂತ ಒಂದು ಇರೋದೇ ಇಲ್ಲ, ಅಲ್ಲೂ ಅಧಿಕಾರ ಇರುತ್ತೆ, ಕಾಣಲ್ಲ ಅಷ್ಟೇ ಅಂತ. ನಾನದನ್ನ ಓದಿದ್ದು ಎಲ್ಲ ಮುಗಿದ ಮೇಲೆ.

ಅರಾಜಕತೆ ಅಂದ್ರೆ ದೊಂಬಿ, ಗಲಾಟೆ ಅಂತ ನಮ್ಮ ಪೇಪರ್‌ಗಳು ಬರೀತಾವೆ, ಅದು ಅನ್ಯಾಯ. 1840ರಲ್ಲಿ ಫ್ರಾನ್ಸಿನ ಚಿಂತಕ ಪ್ರೂಧಾನ್ ತಾನು ಅರಾಜಕತಾವಾದಿ ಅಂತ ಹೇಳ್ಕೊಂಡಾಗ ಅವನ ತಲೇಲಿ ಇದ್ದದ್ದು ದೊರೆ ಇಲ್ಲದ ವ್ಯವಸ್ಥೆ, ವ್ಯವಸ್ಥೆಯೇ ಇಲ್ಲದ ಊರಲ್ಲ. ಕ್ರೊಪಾಟ್ಕಿನ್ ಹೇಳಿದ ಪರಸ್ಪರ ಸಹಾಯ ನಮಗೇನು ಹೊಸದಲ್ಲ, ಮುಯ್ಯಾಳು ಅಂತೀವಲ್ಲ, ನಿನ್ನ ನಾಟಿಗೆ ನಾನು, ನನ್ನ ನಾಟಿಗೆ ನೀನು, ಅದೇ. ಆದ್ರೆ ಮುಯ್ಯಿ ನಡೆಯೋದು ಹೊಲ ಇದ್ದೋರ ನಡುವೆ ಕಣ್ರಿ. ಹೊಲವೇ ಇಲ್ಲದೋನಿಗೆ ಯಾರು ಮುಯ್ಯಿ ತೀರಿಸ್ತಾರೆ? ಅವನು ಕೂಲಿಯವನಾಗೇ ಉಳೀತಾನೆ.

ನನ್ನ ದೊಡ್ಡ ತಕರಾರು ಇಲ್ಲೇ ಇರೋದು. ಸರ್ಕಾರ ಪಕ್ಕಕ್ಕೆ ಸರಿದ್ರೆ ಜನ ತಾವೇ ನ್ಯಾಯವಾಗಿ ಬದುಕ್ತಾರೆ ಅನ್ನೋ ನಂಬಿಕೆ. ಮಹಾರಾಷ್ಟ್ರದ ಮಹಾಡ್ ಊರು ನೋಡಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ 1923ರಲ್ಲೇ ಬಾಂಬೆ ಶಾಸನಸಭೆ ನಿರ್ಣಯ ಮಾಡಿತ್ತು, ಅಲ್ಲಿನ ಪುರಸಭೆನೂ ಒಪ್ಪಿತ್ತು, ಆದ್ರೂ ಅಲ್ಲಿನ ಚವದಾರ್ ಕೆರೆ ನೀರನ್ನ ದಲಿತರು ಮುಟ್ಟದಂಗೆ ತಡೆದದ್ದು ಯಾವ ಪೊಲೀಸೂ ಅಲ್ಲ, ಊರೇ. 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ್ರು, ಆಮೇಲೆ ಆ ಕೆರೆ ಹಕ್ಕಿನ ಕೇಸು ಹತ್ತು ವರ್ಷ ನಡೆದು 1937ರಲ್ಲಿ ಹೈಕೋರ್ಟಲ್ಲಿ ಗೆದ್ರು. ನೇರ ಕ್ರಿಯೆ ಬೇಕಿತ್ತು, ಅದನ್ನ ಅರಾಜಕತಾವಾದಿಗಳು ಸರಿಯಾಗೇ ಹೇಳ್ತಾರೆ, ಆದ್ರೆ ಕಾನೂನೂ ಬೇಕಿತ್ತು. ನಮ್ಮ ಕಟ್ಟೆ ಕೆಳಗೆ ನಿಂತಿದ್ದೋರಿಗೆ ಸರ್ಕಾರಕ್ಕಿಂತ ಮೊದಲು ಅಡ್ಡ ನಿಂತಿದ್ದು ನಾವೇ.

ಬಾಂಬು ಪಿಸ್ತೂಲಿನ ದಾರಿ ಬಗ್ಗೆ ಜಾಸ್ತಿ ಹೇಳಲ್ಲ. 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಯನ್ನ ಒಬ್ಬ ಅರಾಜಕತಾವಾದಿ ಗುಂಡಿಟ್ಟು ಕೊಂದ, 1903ರಲ್ಲಿ ಅರಾಜಕತಾವಾದಿಗಳು ದೇಶದೊಳಗೆ ಕಾಲಿಡಬಾರದು ಅಂತ ಕಾನೂನೇ ಬಂತು, ಸರ್ಕಾರ ಇನ್ನಷ್ಟು ಗಟ್ಟಿ ಆಯ್ತು.

ಸ್ಪೇನಿನ ಕಥೆ ಮಾತ್ರ ನನ್ನನ್ನ ಈಗ್ಲೂ ಕಾಡುತ್ತೆ. 1936ರ ಜುಲೈಯಲ್ಲಿ ಅಂತರ್ಯುದ್ಧ ಶುರುವಾದ್ಮೇಲೆ ಬಾರ್ಸಿಲೋನಾದಲ್ಲಿ ಟ್ರಾಮು, ಫ್ಯಾಕ್ಟರಿಗಳನ್ನ ಅರಾಜಕತಾವಾದಿ ಸಂಘದ ಕಾರ್ಮಿಕರೇ ನಡೆಸಿದ್ರು, ಚೆನ್ನಾಗೇ ನಡೆಸಿದ್ರು. ಆದ್ರೆ ಎದುರಿಗೆ ಸರ್ಕಾರದ ವಿರುದ್ಧ ದಂಗೆ ಎದ್ದ ಜನರಲ್ ಫ್ರಾಂಕೋ ಸೈನ್ಯ, ಬಂದೂಕು ಎಲ್ಲಿಂದ ತರೋದು, ಇಡೀ ದೇಶದ ಲೆಕ್ಕ ಯಾರು ನೋಡೋದು, ಇದಕ್ಕೆ ಅವರ ಸಿದ್ಧಾಂತದಲ್ಲಿ ಉತ್ತರ ಇರಲಿಲ್ಲ. ಅದೇ ನವೆಂಬರಲ್ಲಿ ಅವರದ್ದೇ ನಾಲ್ಕು ಜನ ಸರ್ಕಾರ ಸೇರಿ ಮಂತ್ರಿಗಳಾದ್ರು, ಸರ್ಕಾರವೇ ಬೇಡ ಅಂತಿದ್ದ ಫೆಡೆರಿಕಾ ಮೊಂಟ್ಸೆನಿ ಆರೋಗ್ಯ ಮಂತ್ರಿ. ಅವರನ್ನ ದ್ರೋಹಿ ಅನ್ನೋಕೆ ನನಗೆ ಬಾಯಿ ಬರಲ್ಲ. ಅಧಿಕಾರವನ್ನ ಹೆಂಗೆ ಹಿಡೀಬೇಕು, ಹೆಂಗೆ ಕಡಿವಾಣ ಹಾಕಬೇಕು ಅಂತ ಮೊದಲೇ ಯೋಚಿಸಿರಲಿಲ್ಲ, ಕೈಗೆ ಬಂದಾಗ ತಡಬಡಾಯಿಸಿದ್ರು.

ನಮ್ಮ ಗುಂಪು ಮುರಿದದ್ದು ಇನ್ನೂರು ರೂಪಾಯಿಗೆ. ಮನೆಗೆ ಇನ್ನೂರರಂತೆ ಎತ್ತಿದ್ವಿ, ರಸೀದಿ ಕೊಡೋದು ಆಫೀಸಿನೋರ ಕೆಲಸ ಅಂತ ಲೆಕ್ಕ ಬರೆದಿರಲಿಲ್ಲ. ಒಂದೆಕರೆ ಗದ್ದೆಯ ಒಬ್ಬ ಅಜ್ಜಿ ಬಂದು "ನನ್ ದುಡ್ಡು ಎಲ್ಲೋಯ್ತಪ್ಪ" ಅಂತ ಕೇಳಿದ್ಲು. ಒಬ್ಬರ ಮುಖ ಒಬ್ಬರು ನೋಡಿದ್ವಿ. ದುಡ್ಡು ಯಾರೂ ತಿಂದಿರಲಿಲ್ಲ, ಪೆಟ್ರೋಲಿಗೆ, ಊಟಕ್ಕೆ ಖರ್ಚಾಗಿತ್ತು, ಆದ್ರೆ ತೋರ್ಸೋಕೆ ಒಂದು ಚೀಟಿ ಇರಲಿಲ್ಲ.

ಮುಂದಿನ ವರ್ಷ ಮತ್ತೆ ಸೇರಿದ್ವಿ, ಗುಡಿ ಕಟ್ಟೆ ಬಿಟ್ಟು ಹಾಲಿನ ಡೈರಿ ಮುಂದೆ, ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ, ಹೆಣ್ಮಕ್ಕಳೂ ಇರೋ ಹೊತ್ತಿಗೆ. ಹಿಂದೆ ಕೆರೆಗಳಿಗೆ ನೀರಗಂಟಿ ಇರ್ತಿದ್ನಲ್ಲ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನೇ ಬಿಡ್ತಿದ್ದ, ತಪ್ಪಿದ್ರೆ ಊರು ಅವನನ್ನೇ ಕೇಳ್ತಿತ್ತು. ಹಂಗೇ ನಾವೂ ಯಾವ ರಾತ್ರಿ ಯಾವ ತೂಬಿಗೆ ಯಾರು ಕಾವಲು ಅಂತ ಹೆಸರು ಬರೆದು ಡೈರಿ ಗೋಡೆಗೆ ಅಂಟಿಸಿದ್ವಿ, ಆರು ತಿಂಗಳಿಗೊಮ್ಮೆ ಬದಲಿ ಅಂತಾನೂ ಬರೆದ್ವಿ. ಬೈಕಿನ ಗೆಳೆಯನ ಹೆಸರು ಅದರಲ್ಲಿ ಆರನೇದು. ಒಂದಿನ ಅವನು ಕಾವಲಿಗೆ ಹೋಗಲಿಲ್ಲ. ಬೆಳಿಗ್ಗೆ ಅದೇ ಅಜ್ಜಿ ಹಾಲಿನ ಕ್ಯಾನು ಕೆಳಗಿಟ್ಟು, ಓದೋಕೆ ಬರದಿದ್ರೂ ಆ ಹಾಳೆ ಮೇಲೆ ಬೆರಳಿಟ್ಟು ಕೇಳಿದ್ಲು, "ನಿನ್ನೆ ರಾತ್ರಿ ನಿಂದಿತ್ತಲ್ಲಪ್ಪ, ಎಲ್ಲೋಗಿದ್ದೆ?"

ಅವನು ಏನೂ ಅನ್ನಲಿಲ್ಲ. ಆವತ್ತು ರಾತ್ರಿ ಟಾರ್ಚು, ಕಂಬಳಿ ತಗೊಂಡು ನಾಲೆ ಮೇಲೆ ಹೋದ.