ಚರಟದಲ್ಲಿ ಉಳಿಯುವ ಎಣ್ಣೆ

ಕೇಳುಗರಿಗೆ ನಮಸ್ಕಾರ.

ಗರುಗದ ಸೊಪ್ಪಿನ ಎಣ್ಣೆಯನ್ನೋ ದಾಸವಾಳದ ಎಣ್ಣೆಯನ್ನೋ ಮನೆಯಲ್ಲೇ ಮಾಡಿಕೊಳ್ಳುವವರು ನಮ್ಮ ಚಿಕ್ಕಮಗಳೂರು, ಹಾಸನ ಸೀಮೆಯಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಎಣ್ಣೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಬಟ್ಟೆಯನ್ನು ಎರಡೂ ಕೈಯಿಂದ ತಿರುಚಿ ಹಿಂಡಿ, ಉಳಿದ ಚರಟವನ್ನು ತಿಪ್ಪೆಗೆ ಎಸೆಯುವುದು ವಾಡಿಕೆ. ಎಷ್ಟೇ ಬಲವಾಗಿ ಹಿಂಡಿದರೂ ಆ ಚರಟದ ಜಿಡ್ಡು ಹೋಗುವುದಿಲ್ಲ. ಒಣಗಿದ ಎಲೆ ತನ್ನ ತೂಕಕ್ಕಿಂತ ಹೆಚ್ಚು ಎಣ್ಣೆಯನ್ನು ಹೀರಿ ಹಿಡಿದುಕೊಳ್ಳಬಲ್ಲದು. ಸಾರ ಇಳಿದಿರುವ ಆ ಎಣ್ಣೆಯೂ ಎಲೆಯ ಜೊತೆಗೇ ತಿಪ್ಪೆ ಸೇರುತ್ತದೆ. ಅದನ್ನು ಮರಳಿ ಪಡೆಯುವ ಸಾಧನದ ಬಗ್ಗೆ, ಅಂಗಡಿಯವರು ಹರ್ಬ್ ಪ್ರೆಸ್ ಎಂದು ಕರೆಯುವ, ಮೂಲಿಕೆ ಹಿಂಡುವ ಒರಳಿನ ಬಗ್ಗೆ ಇಂದು ಮಾತನಾಡುತ್ತೇನೆ.

ಇದರ ತತ್ತ್ವ ನಮಗೆ ಹೊಸದಲ್ಲ. ಮೇಲಿನ ಹಿಡಿಯನ್ನು ತಿರುಗಿಸಿದಂತೆ ತಿರುಪಿನ ಕಂಬ ಇಳಿದು, ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಎಳೆಎಳೆಯಾಗಿ ಹೊರದೂಡುವ ಮೂರು ಕಾಲಿನ ಶಾವಿಗೆ ಒರಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮೂಲಿಕೆಯ ಒರಳಿನಲ್ಲಿ ಎಳೆಯ ಬದಲು ರಸ ಹೊರಬರುತ್ತದೆ, ಅಷ್ಟೇ. ತಿರುಪಿನ ನಡುವಿನಿಂದ ಹಿಡಿಯ ತುದಿಗೆ 15 ಸೆಂಟಿಮೀಟರ್ ಇದ್ದರೆ, ಒಂದು ಸುತ್ತಿಗೆ ಕೈ ಸುಮಾರು 94 ಸೆಂಟಿಮೀಟರ್ ದಾರಿ ಸವೆಸುತ್ತದೆ. ಅಷ್ಟರಲ್ಲಿ ತಿರುಪು ಇಳಿಯುವುದು 5 ಮಿಲಿಮೀಟರ್ ಮಾತ್ರ. ಕೈಯ ಬಲ ಹಲವು ಪಟ್ಟಾಗುವುದು ಹೀಗೆ. ಅದರಲ್ಲಿ ಸಾಕಷ್ಟು ಪಾಲನ್ನು ಉಜ್ಜಾಟ ತಿಂದುಹಾಕಿದರೂ, ಬರಿಗೈಯಿಂದ ತಿರುಚುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಒರಳು ಎಣ್ಣೆಯನ್ನು ಹಿಂಡುವಂತೆಯೇ ನೀರನ್ನೂ ಹಿಂಡುತ್ತದೆ ಎಂಬುದನ್ನು ಮರೆಯಬಾರದು. ಕೆಲವು ವರ್ಷಗಳ ಹಿಂದೆ ಶ್ರಾವಣದ ಮಳೆಯ ನಡುವೆ ಗದ್ದೆಯ ಬದುವಿನಿಂದ ಗರುಗದ ಸೊಪ್ಪನ್ನು ಕಿತ್ತು ತಂದು, ಮೂರು ದಿನ ಅಟ್ಟದ ಮೇಲೆ ಹರವಿ, ಎಲೆ ಗರಿಗರಿಯಾದದ್ದನ್ನೇ ನಂಬಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದ್ದೆ. ಎಲೆ ಒಣಗಿತ್ತು, ದಂಟು ಒಣಗಿರಲಿಲ್ಲ. ಕೈಯಲ್ಲಿ ಹಿಂಡಿದ್ದರೆ ಆ ನೀರು ದಂಟಿನಲ್ಲೇ ಉಳಿಯುತ್ತಿತ್ತೇನೋ. ಒರಳು ಅದನ್ನೂ ಬಿಡದೆ ಹೊರತೆಗೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಸೀಸೆಯ ತಳದಲ್ಲಿ ಬೂದು ಬಣ್ಣದ ಪೊರೆ ಕಟ್ಟಿ, ಎಣ್ಣೆ ಹುಳಿ ನಾರುತ್ತಿತ್ತು. ಅಂದಿನಿಂದ ನಾನು ಎಲೆಯನ್ನು ಮುಟ್ಟಿ ನೋಡುವುದಿಲ್ಲ, ದಂಟನ್ನು ಮುರಿದು ನೋಡುತ್ತೇನೆ. ಬಾಗಿದರೆ ಇನ್ನೂ ಒಣಗಬೇಕು, ಚಟ್ಟೆಂದು ಮುರಿದರೆ ಎಣ್ಣೆಗೆ ಹಾಕಬಹುದು. ಹಸಿ ಸೊಪ್ಪನ್ನೇ ಬಳಸುವವರು ಎಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಸಿ, ತೈಲಪಾಕಕ್ಕೆ ಆಯುರ್ವೇದ ಹೇಳುವ ಪರೀಕ್ಷೆಯನ್ನು ಮಾಡಬೇಕು: ಕಲ್ಕ, ಅಂದರೆ ಎಣ್ಣೆಯಲ್ಲಿ ಬೆಂದ ಅರೆದ ಸೊಪ್ಪು, ಬೆರಳುಗಳ ನಡುವೆ ಬತ್ತಿಯಂತೆ ಹೊಸೆಯಲು ಬರಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಹಸಿ ಬೆಳ್ಳುಳ್ಳಿಯನ್ನಂತೂ ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಡಲೇಬೇಡಿ. ಗಾಳಿಯಿಲ್ಲದ ಆ ಜಾಗದಲ್ಲಿ ಬಾಟುಲಿಸಮ್ ಎಂಬ ಮಾರಕ ಕಾಯಿಲೆಯನ್ನುಂಟುಮಾಡುವ ಸೂಕ್ಷ್ಮಾಣು ಬೆಳೆಯಬಲ್ಲದು.

ಒತ್ತುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮೊದಲು ತಾನಾಗಿ ಬಸಿದು ಬರುವ ಎಣ್ಣೆಯನ್ನು ಬೇರೆ ಸೀಸೆಯಲ್ಲಿ ತೆಗೆದಿಡಿ. ತೆಳುವಾದ ಮಲ್ ಬಟ್ಟೆ ಒತ್ತಡಕ್ಕೆ ಹರಿಯುತ್ತದೆ, ಆದ್ದರಿಂದ ಹಲವು ಸಲ ಒಗೆದು ಗಂಜಿ ಬಿಟ್ಟ, ನೇಯ್ಗೆ ಗಟ್ಟಿಯಿರುವ ಹತ್ತಿ ಬಟ್ಟೆಯನ್ನು ಆರಿಸಿಕೊಳ್ಳಿ. ಸೊಪ್ಪನ್ನು ಗಂಟು ಕಟ್ಟದೆ, ಹೂರಣವನ್ನು ಕಣಕದೊಳಗೆ ಮುಚ್ಚುವಂತೆ ಅಂಚುಗಳನ್ನು ಒಳಕ್ಕೆ ಮಡಚಿ, ಎರಡು ಬೆರಳು ದಪ್ಪಕ್ಕೆ ಮೀರದ ಬಿಲ್ಲೆಯಾಗಿ ಒರಳಿನೊಳಗಿಡಿ. ಹಿಡಿಯನ್ನು ತಿರುಗಿಸುತ್ತಿದ್ದಂತೆ ಎಣ್ಣೆ ನೂಲಿನಂತೆ ಇಳಿಯುತ್ತದೆ, ನೂಲು ಕಡಿದು ಹನಿಯಾಗುತ್ತದೆ, ಹನಿಗಳ ನಡುವಿನ ಅಂತರ ಹೆಚ್ಚುತ್ತದೆ. ಆಗ ಕಾಲು ಸುತ್ತು ತಿರುಗಿಸಿ, ಮತ್ತೆ ಕಾಯಿರಿ. ಅವಸರದಿಂದ ಒಮ್ಮೆಲೇ ಬಿಗಿದರೆ ಹೊರಪದರ ಗಟ್ಟಿಯಾಗಿ, ಒಳಗಿನ ಎಣ್ಣೆಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಪುಷ್ಯದ ಚಳಿಯಲ್ಲಿ ನಮ್ಮ ಊರುಗಳಲ್ಲಿ ಕೊಬ್ಬರಿ ಎಣ್ಣೆ ಬೆಳಗಿನ ಹೊತ್ತು ಹೆಪ್ಪುಗಟ್ಟಿರುತ್ತದೆಯಾದ್ದರಿಂದ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಎಣ್ಣೆಯನ್ನು ಕರಗಿಸಿ, ಉಗುರುಬೆಚ್ಚಗಿರುವಾಗಲೇ ಒತ್ತಬೇಕು. ಒತ್ತಿ ಬಂದ ಎಣ್ಣೆ ಮಸುಕಾಗಿರುತ್ತದೆ; ಹೆಪ್ಪುಗಟ್ಟದಂತೆ ಬೆಚ್ಚನೆಯ ಜಾಗದಲ್ಲಿ ಒಂದು ದಿನ ಅಲುಗಿಸದೆ ಇಟ್ಟರೆ ಗಸಿಯೂ ನೀರೂ ತಳ ಸೇರುತ್ತವೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು, ಬಸಿದ ಎಣ್ಣೆಗಿಂತ ಮೊದಲು ಇದನ್ನೇ ಬಳಸಿ ಮುಗಿಸಿ.

ಎಣ್ಣೆಯಂತೆ ಟಿಂಕ್ಚರನ್ನೂ ಈ ಒರಳಿನಲ್ಲಿ ಹಿಂಡಬಹುದು. ಟಿಂಕ್ಚರ್ ಎಂದರೆ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ನಮಗೆ ನೆನಪಾಗುತ್ತದೆ. ಮೂಲಿಕೆಯ ಟಿಂಕ್ಚರ್ ಕೂಡ ಮದ್ಯಸಾರದಲ್ಲಿ ಇಳಿಸಿದ ಸಾರವೇ: ಒಣಮೂಲಿಕೆ ಒಂದು ಭಾಗಕ್ಕೆ ಐದು ಭಾಗ ದ್ರವ, ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಮದ್ಯಸಾರ, ದಿನಕ್ಕೊಮ್ಮೆ ಕುಲುಕುತ್ತಾ ಎರಡರಿಂದ ನಾಲ್ಕು ವಾರ ಎಂಬುದು ಸಾಮಾನ್ಯ ಕ್ರಮ. ಬಣ್ಣದಂಗಡಿಯಲ್ಲಿ ಸಿಗುವ ಸ್ಪಿರಿಟ್ ವಿಷ, ಅದನ್ನು ಇದಕ್ಕೆ ಮುಟ್ಟಕೂಡದು. ಮನೆಯಲ್ಲಿ ಭಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧ. ಮದ್ಯಸಾರ ಬೇಡವೆನ್ನುವವರು ವಿನೆಗರ್‌ನಲ್ಲಿ ನೆನೆಹಾಕಬಹುದು, ಆದರೆ ಅದರ ಸಾರ ತೆಳು, ಬಾಳಿಕೆಯೂ ಕಡಿಮೆ. ಹುಳಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಮ್‌ಗಳನ್ನು ಕರಗಿಸಿಕೊಳ್ಳುವುದರಿಂದ ಅಜ್ಜಿಯ ಕಾಲದ ಹಿತ್ತಾಳೆಯ ಶಾವಿಗೆ ಒರಳನ್ನು ಈ ಕೆಲಸಕ್ಕೆ ಇಳಿಸಬೇಡಿ, ಸ್ಟೀಲಿನದೇ ಆಗಬೇಕು. ಮದ್ಯಸಾರವನ್ನು ಒತ್ತುವಾಗ ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು. ಹೊಟ್ಟೆಗೆ ತೆಗೆದುಕೊಳ್ಳುವ ವಿಚಾರವನ್ನು, ಅದರಲ್ಲೂ ಗರ್ಭಿಣಿಯರು, ಮಕ್ಕಳು, ನಿತ್ಯ ಮಾತ್ರೆ ನುಂಗುವವರು, ವೈದ್ಯರನ್ನು ಕೇಳದೆ ನಿರ್ಧರಿಸಬಾರದು.

ಕೊನೆಗೆ ಬಟ್ಟೆಯನ್ನು ಬಿಚ್ಚಿ, ಚರಟದ ಬಿಲ್ಲೆಯನ್ನು ನಡುವೆ ಮುರಿದು ಬೆಳಕಿಗೆ ಹಿಡಿಯಿರಿ. ಒಳಭಾಗ ಕಪ್ಪಾಗಿ ಹೊಳೆಯುತ್ತಿದ್ದರೆ ಅಲ್ಲಿ ಇನ್ನೂ ಎಣ್ಣೆಯಿದೆ. ಪುಡಿಮಾಡಿ, ಮತ್ತೆ ಮಡಚಿ, ಇನ್ನೊಮ್ಮೆ ಒತ್ತಿ. ಮುರಿದ ಅಂಚು ಹುಡಿಹುಡಿಯಾಗಿ ಉದುರಿದರೆ ಅದನ್ನು ತಿಪ್ಪೆಗೆ ಹಾಕಬಹುದು.

ನಮಸ್ಕಾರ.