ಅಲಿಗೆ ಯಾರ ಜೋಡಿ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮುತ್ಯಾ ಊರ ತಾಲೀಮಿನ ವಸ್ತಾದರಾಗಿದ್ದರು. ಅಫಜಲಪುರದ ಕಡೆ, ಭೀಮಾ ನದಿಯಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ಜಾತ್ರೆ ಅಂದ ಮೇಲೆ ಕುಸ್ತಿ ಇರಲೇಬೇಕು. ಮೊದಲು ಹುಡುಗರ ಕಾಯಿ ಕುಸ್ತಿ. ಗೆದ್ದವನ ಕೈಗೆ ಒಂದು ತೆಂಗಿನಕಾಯಿ. ಹೊತ್ತು ಇಳಿಯುತ್ತಾ ಬಂದಂತೆ ದೊಡ್ಡವರ ಕುಸ್ತಿ. ಕಟ್ಟಕಡೆಯದು ಬೆಳ್ಳಿ ಕಡಗದ ಕುಸ್ತಿ. ಯಾರಿಗೆ ಯಾರು ಅಂತ ಜೋಡಿ ಹಚ್ಚುವ ಕೆಲಸ ಮುತ್ಯಾರದು. ಇಬ್ಬರು ಪೈಲ್ವಾನರ ಕೈ ಹಿಡಿದು ಕಣದ ಸುತ್ತ ನಡೆಸುತ್ತಿದ್ದರು. ಜನ ಹೂಂ ಅಂದರೆ ಜೋಡಿ ಕೂಡಿತು.

ಒಂದು ವರ್ಷ ಕಡಗಕ್ಕೆ ಒಬ್ಬ ಎತ್ತರದ ಆಳು ಬಂದಿದ್ದ. ಎದೆ ಅಂದರೆ ಬಾಗಿಲಿನಷ್ಟು ಅಗಲ. ನಮ್ಮೂರ ಪೈಲ್ವಾನ ಅವನ ಕಿವಿಯ ಮಟ್ಟಕ್ಕೂ ಬರುತ್ತಿರಲಿಲ್ಲ. "ಇದು ಜೋಡಿ ಅಲ್ರಿ ವಸ್ತಾದ್ರೇ" ಅಂತ ಜನ ಕೂಗಿದರು. ಮುತ್ಯಾ ಮಾತಾಡಲಿಲ್ಲ. ಇಬ್ಬರನ್ನೂ ಇನ್ನೊಂದು ಸುತ್ತು ನಡೆಸಿದರು. ಎಲ್ಲರೂ ಭುಜ ನೋಡುತ್ತಿದ್ದರೆ ಅವರು ಪಾದ ನೋಡುತ್ತಿದ್ದರು. ಎತ್ತರದವನ ಹಿಮ್ಮಡಿ ಕೆಂಪು ಮಣ್ಣಿನಲ್ಲಿ ಆಳಕ್ಕೆ ಇಳಿಯುತ್ತಿತ್ತು. ನಮ್ಮವನು ಮುಂಗಾಲಿನ ಮೇಲೆ ಹಗುರಾಗಿ ನಡೆಯುತ್ತಿದ್ದ. "ಹಚ್ಚ್ರಿ" ಅಂದರು ಮುತ್ಯಾ. ಕುಸ್ತಿ ಬಹಳ ಹೊತ್ತು ನಡೆಯಿತು. ಎರಡು ಸಲ ನಮ್ಮವನ ಪಟ್ಟು ಜಾರಿತು. ಮೂರನೇ ಸಲ ಅವನು ಪಟ್ಟನ್ನೇ ಬದಲಿಸಿದ, ಎತ್ತರದವನು ಚಿತ್ ಆದ.

ಆ ರಾತ್ರಿ ಕಟ್ಟೆಯ ಮೇಲೆ ಕೂತು ನನಗೆ ಹೇಳಿದರು: "ತಮ್ಮಾ, ಮೊದಲನೇ ಪಟ್ಟು ಎಲ್ಲಾರೂ ಹಾಕ್ತಾರ. ಅದು ಜಾರಿದ ಮ್ಯಾಲ ಏನ್ ಮಾಡ್ತಾನ, ಅದು ನೋಡು."

ಈ ಮಾತು ನನಗೆ ಮೊನ್ನೆ ಜಗತ್ ಸರ್ಕಲ್ ಹತ್ತಿರದ ಚಹಾದ ಅಂಗಡಿಯಲ್ಲಿ ನೆನಪಾಯಿತು. ನಾಲ್ಕು ಹುಡುಗರು ಮೊಬೈಲಿನಲ್ಲಿ ಹಳೆಯ ಬಾಕ್ಸಿಂಗ್ ನೋಡುತ್ತಾ ಜಗಳಕ್ಕೆ ಬಿದ್ದಿದ್ದರು. ಮೊಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಎದುರುಬದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು? ಚಹಾ ಆರಿ ತಣ್ಣಗಾದರೂ ಅವರಿಗೆ ಖಬರಿಲ್ಲ. ನಾನೂ ಬೆಂಚು ಎಳೆದುಕೊಂಡು ಕೂತೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಈ ಆಟಕ್ಕೂ ರೇಡಿಯೊಗೂ ಹಳೆಯ ನಂಟಿದೆ. 1967ರಲ್ಲಿ ಅಮೆರಿಕದ ಮಯಾಮಿಯ ಮರ್ರಿ ವೊರೊನರ್ ಎಂಬ ರೇಡಿಯೊ ನಿರ್ಮಾಪಕ ಬೇರೆ ಬೇರೆ ಕಾಲದ 16 ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದ ವರ್ಗದ, ಬಾಕ್ಸರ್‌ಗಳ ವಿವರವನ್ನು ಕಂಪ್ಯೂಟರ್‌ಗೆ ಕೊಟ್ಟ. ಕಂಪ್ಯೂಟರ್ ಹೇಳಿದ ಹಾಗೆ ಒಂದೊಂದು ಪಂದ್ಯವನ್ನೂ ಕಣ್ಣೆದುರಿಗೇ ನಡೆಯುತ್ತಿದೆ ಅನ್ನುವಂತೆ ವೀಕ್ಷಕ ವಿವರಣೆ ಕೊಟ್ಟು ಪ್ರಸಾರ ಮಾಡಿದರು. ಕೊನೆಯ ಪಂದ್ಯದಲ್ಲಿ ರಾಕಿ ಮಾರ್ಸಿಯಾನೊ, ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದ. ಅಲಿ ಅದಕ್ಕಿಂತ ಬಹಳ ಮೊದಲೇ ಜಿಮ್ ಜೆಫ್ರೀಸ್ ಕೈಯಲ್ಲಿ ಸೋತಿದ್ದ. ಅಲಿಗೆ ಸಿಟ್ಟು ಬಂತು. ನನ್ನ ಹೆಸರು ಕೆಡಿಸಿದಿರಿ ಅಂತ 10 ಲಕ್ಷ ಡಾಲರ್ ಕೇಳಿ ಕೋರ್ಟಿಗೆ ಹೋದ. ನಡೆಯದೇ ಇದ್ದ ಪಂದ್ಯದ ಸೋಲು ಕೂಡ ಒಬ್ಬ ಆಟಗಾರನಿಗೆ ಅಷ್ಟು ಚುಚ್ಚುತ್ತದೆ.

ಆ ವ್ಯಾಜ್ಯ ರಾಜಿಯಾಗಿ, 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ಕೂಡಿಸಿ ಸಿನಿಮಾನೇ ತೆಗೆದರು. ಮಾರ್ಸಿಯಾನೊ ಆಟ ಬಿಟ್ಟು 13 ವರ್ಷ ಆಗಿತ್ತು. ಇದಕ್ಕಾಗಿ 20 ಕಿಲೋಗಿಂತ ಜಾಸ್ತಿ ತೂಕ ಇಳಿಸಿದ. ಬೋಳುತಲೆಗೆ ವಿಗ್ ಹಾಕಿಕೊಂಡ. ಒಂದೊಂದು ನಿಮಿಷದ 70ಕ್ಕೂ ಹೆಚ್ಚು ರೌಂಡ್ ಆಡಿಸಿ, ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿಕೊಂಡರು. ಯಾವುದನ್ನು ತೋರಿಸುತ್ತಾರೆ ಅಂತ ಇಬ್ಬರಿಗೂ ಹೇಳಿರಲಿಲ್ಲ. ಆ ಆಗಸ್ಟ್ 31ರಂದು ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. ಮರುದಿನ ಅವನಿಗೆ 46 ತುಂಬಬೇಕಿತ್ತು. 1970ರ ಜನವರಿ 20ರಂದು ಅಮೆರಿಕದ ಥಿಯೇಟರುಗಳಲ್ಲಿ ತೋರಿಸಿದಾಗ 13ನೇ ರೌಂಡಿನಲ್ಲಿ ಅಲಿ ಬೀಳುತ್ತಾನೆ, ಮಾರ್ಸಿಯಾನೊ ಗೆಲ್ಲುತ್ತಾನೆ. ಗೆದ್ದವನು ಅದನ್ನು ನೋಡಲೇ ಇಲ್ಲ.

ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಮಾರ್ಸಿಯಾನೊ ಮೇಲೆ ನನಗೆ ಬಹಳ ಪ್ರೀತಿ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಎತ್ತರ 5 ಅಡಿ 10 ಇಂಚು, ತೂಕ ಸುಮಾರು 85 ಕಿಲೋ. ಆದರೆ ಅವನ ಕೈ ಗಿಡ್ಡ. ಕೈ ಚಾಚಿದರೆ ಅಲಿಗಿಂತ ಹತ್ತಿಂಚು ಕಡಿಮೆ. ಹತ್ತಿರ ಬರಬೇಕಾದರೆ ಏಟು ತಿಂದೇ ಬರಬೇಕು. 1954ರಲ್ಲಿ ಎಜರ್ಡ್ ಚಾರ್ಲ್ಸ್ ಜೊತೆಗಿನ ಎರಡನೇ ಪಂದ್ಯದಲ್ಲಿ ಅವನ ಮೂಗಿನ ತುದಿ ಸೀಳಿ ಹೋಗಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಪಂದ್ಯ ನಿಲ್ಲಿಸುವುದರೊಳಗೆ ಮುಗಿಸಬೇಕು ಅಂತ 8ನೇ ರೌಂಡಿನಲ್ಲಿ ಹೊಡೆದು ಕೆಡವಿದ. ಅಂಥ ಚರ್ಮದ ಮೇಲೆ ಅಲಿಯ ಎಡಗೈ ಜ್ಯಾಬ್, ಅಂದರೆ ನೇರಕ್ಕೆ ಚುಚ್ಚುವ ಗುದ್ದು, ಹತ್ತು ರೌಂಡ್ ಬಿದ್ದರೆ ರೆಫರಿ ಸುಮ್ಮನಿರುತ್ತಾನಾ? ನನಗೆ ಅನುಮಾನ.

ಮಾರ್ಸಿಯಾನೊ ಚಾಂಪಿಯನ್ ಆದದ್ದೂ ಒಂದು 13ನೇ ರೌಂಡಿನಲ್ಲೇ. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಜರ್ಸಿ ಜೋ ವಾಲ್ಕಾಟ್ ಮೊದಲನೇ ರೌಂಡಿನಲ್ಲೇ ಅವನನ್ನು ಕೆಡವಿದ್ದ. 12 ರೌಂಡ್ ಮುಗಿದಾಗ ಅಂಕದಲ್ಲಿ ವಾಲ್ಕಾಟ್ ಮುಂದಿದ್ದ. 13ರಲ್ಲಿ ಒಂದೇ ಒಂದು ಬಲಗೈ ಗುದ್ದು. ವಾಲ್ಕಾಟ್ ಹಗ್ಗಕ್ಕೆ ಒಂದು ಕೈ ಸಿಕ್ಕಿಕೊಂಡು ಹಾಗೇ ಕುಸಿದ. ಇವತ್ತು ಪ್ರಶಸ್ತಿ ಪಂದ್ಯ 12 ರೌಂಡಿಗೇ ಮುಗಿಯುತ್ತದೆ. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ಪ್ರಾಣ ಬಿಟ್ಟ. ಅದಾದ ಮೇಲೆ 15 ಇದ್ದದ್ದು 12ಕ್ಕೆ ಇಳಿಯಿತು. ಇಳಿದದ್ದೇ ಒಳ್ಳೆಯದು, ಜೀವಕ್ಕಿಂತ ಪಟ್ಟ ದೊಡ್ಡದಲ್ಲ. ಆದರೆ ಇವತ್ತಿನ ನಿಯಮ ಹಚ್ಚಿದರೆ ಆ ದಿನ ಮಾರ್ಸಿಯಾನೊ ಸೋತಂತೆ! ಇನ್ನೊಬ್ಬ ಚಾಂಪಿಯನ್ ಜೋ ಲೂಯಿಸ್ ಕಥೆಯೂ ಅಷ್ಟೇ. 1941ರಲ್ಲಿ ಬಿಲ್ಲಿ ಕಾನ್ ಅವನಿಗಿಂತ ಎಷ್ಟೋ ಹಗುರ. 12 ರೌಂಡಿನ ಮಟ್ಟಿಗೆ ಕಾನ್ ಮುಂದೆ. ಸುಮ್ನೆ ತಪ್ಪಿಸಿಕೊಂಡು ಓಡಾಡಿದ್ದರೆ ಸಾಕಿತ್ತು. ಕೆಡವಿಯೇ ಗೆಲ್ಲಬೇಕು ಅನ್ನುವ ಆಸೆಗೆ ಬಿದ್ದು ಹತ್ತಿರ ಹೋದ. 13ರಲ್ಲಿ ಲೂಯಿಸ್ ಅವನನ್ನೇ ಮಲಗಿಸಿದ.

ಹಾಗಾಗಿ ಯಾರು ಗೆಲ್ಲುತ್ತಿದ್ದರು ಅಂತ ಕೇಳುವ ಮೊದಲು, ಯಾವ ಕಣದಲ್ಲಿ ಅಂತ ಕೇಳಬೇಕು. 1915ರ ಏಪ್ರಿಲ್ 5ರಂದು ಕ್ಯೂಬಾದ ಹವಾನಾದ ಬಿಸಿಲಿನಲ್ಲಿ ಜ್ಯಾಕ್ ಜಾನ್ಸನ್ ಆಡಿದ್ದು 45 ರೌಂಡಿಗೆ ಗೊತ್ತು ಮಾಡಿದ್ದ ಪಂದ್ಯ. 26ನೇ ರೌಂಡಿನಲ್ಲಿ ಜೆಸ್ ವಿಲ್ಲರ್ಡ್ ಕೈಯಲ್ಲಿ ಸೋತ. ಅಷ್ಟೊತ್ತಿಗೆ ಒಂದೂವರೆ ಗಂಟೆ ದಾಟಿತ್ತು. ಏಪ್ರಿಲ್ ಬಿಸಿಲು ಅಂದರೆ ಏನು ಅಂತ ಕಲಬುರಗಿಯವರಿಗೆ ನಾನು ಹೇಳಬೇಕಿಲ್ಲ. ಒಂದೆರಡು ರೌಂಡಿನಲ್ಲಿ ಮುಗಿಸಿ ಹೋಗುವ ಟೈಸನ್‌ನನ್ನು ಆ ಕಣಕ್ಕೆ ಇಳಿಸಿ ನೋಡಿ. ಇನ್ನು ಡೆಂಪ್ಸಿ. 1919ರಲ್ಲಿ ಇದೇ ವಿಲ್ಲರ್ಡ್‌ನನ್ನು ಮೊದಲನೇ ರೌಂಡಿನಲ್ಲೇ ಏಳು ಸಲ ಕೆಡವಿದ. ಬಿದ್ದವನ ಪಕ್ಕದಲ್ಲೇ ನಿಂತು, ಅವನು ಏಳುತ್ತಿದ್ದ ಹಾಗೆ ಮತ್ತೆ ಹೊಡೆಯುತ್ತಿದ್ದ. ಆಗ ಅದಕ್ಕೆ ಅಡ್ಡಿ ಇರಲಿಲ್ಲ. ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಿ ನಿಲ್ಲಬೇಕು ಅನ್ನುವ ನಿಯಮ ಬಂದ ಮೇಲೆ, 1927ರಲ್ಲಿ ಡೆಂಪ್ಸಿ ಅದನ್ನು ಮರೆತು ಜೀನ್ ಟನ್ನಿಯ ಹತ್ತಿರವೇ ನಿಂತ. ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು, ಆ ಎಣಿಕೆಯನ್ನೇ ರೆಫರಿ ತಡ ಮಾಡಿದ. ಟನ್ನಿ ಸುಧಾರಿಸಿಕೊಂಡು ಎದ್ದು ಗೆದ್ದ.

ಚಹಾದ ಅಂಗಡಿಯಲ್ಲಿ ಒಬ್ಬ ಹುಡುಗ ಬಲವಾದ ಲೆಕ್ಕ ಹಾಕಿದ. ಇವನು ಅವನನ್ನು ಸೋಲಿಸಿದ್ದಾನೆ, ಅವನು ಇನ್ನೊಬ್ಬನನ್ನು ಸೋಲಿಸಿದ್ದಾನೆ, ಹಾಗಾದರೆ ಇವನೇ ದೊಡ್ಡವನು. ಬಾಕ್ಸಿಂಗ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ರೌಂಡಿನೊಳಗೆ ಆರು ಸಲ ಕೆಡವಿದ. ಅದೇ ವರ್ಷ ಅಲಿಯ ದವಡೆ ಮುರಿದ ಕೆನ್ ನಾರ್ಟನ್ ಕೂಡ ಫೋರ್‌ಮನ್ ಎದುರು ಎರಡೇ ರೌಂಡ್. ಅಂದರೆ 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಫೋರ್‌ಮನ್ ಎದುರು ಅಲಿ ಉಳಿಯಲೇಬಾರದಿತ್ತು, ಅಲ್ವಾ?

ಆ ಪಂದ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮೊದಲನೇ ರೌಂಡಿನಲ್ಲಿ ಅಲಿ ಕುಣಿಯುತ್ತಾನೆ, ನೇರ ಬಲಗೈ ಬೀಸುತ್ತಾನೆ. ಫೋರ್‌ಮನ್ ದಾರಿ ಕಟ್ಟಿಕೊಂಡು ಬರುತ್ತಲೇ ಇರುತ್ತಾನೆ. ಹೀಗೆ ಓಡಾಡಿದರೆ ನನ್ನ ಕಾಲು ಮೊದಲು ಸೋಲುತ್ತದೆ ಅಂತ ಅಲಿಗೆ ಗೊತ್ತಾಯಿತು. ಎರಡನೇ ರೌಂಡಿನಿಂದ ಹಗ್ಗಕ್ಕೆ ಒರಗಿ ನಿಂತ. ಮುಖದ ಮುಂದೆ ಎರಡೂ ಕೈ. ಗುದ್ದು ತೋಳಿನ ಮೇಲೆ, ಪಕ್ಕೆಯ ಮೇಲೆ. 40 ಪಂದ್ಯ ಆಡಿ 40ನ್ನೂ ಗೆದ್ದಿದ್ದ ಫೋರ್‌ಮನ್ ಹೊಡೆದು ಹೊಡೆದು ದಣಿದ. 8ನೇ ರೌಂಡಿನಲ್ಲಿ ಅಲಿ ಹಗ್ಗ ಬಿಟ್ಟು ಹೊರಗೆ ಬಂದ, ಫೋರ್‌ಮನ್ ತಿರುಗುತ್ತಾ ಬಿದ್ದ. ಮೊದಲನೇ ಪಟ್ಟು ಜಾರಿದ ಮೇಲಿನ ಪಟ್ಟು ಅಂದರೆ ಇದೇ. ಮುತ್ಯಾ ಇದನ್ನು ನೋಡಬೇಕಿತ್ತು ಅಂತ ಪ್ರತಿ ಸಲ ಅನ್ನಿಸುತ್ತದೆ.

ಈಗ ಟೈಸನ್. 1986ರ ನವೆಂಬರ್ 22ರಂದು, 20 ವರ್ಷ 4 ತಿಂಗಳಿಗೇ ಪಟ್ಟ. ಎಡಗೈ ಹುಕ್, ಅಂದರೆ ಪಕ್ಕದಿಂದ ತಿರುಗಿಸಿ ಬೀಸುವ ಗುದ್ದು, ಒಂದೇ ಬಿತ್ತು. ಟ್ರೆವರ್ ಬರ್ಬಿಕ್ ಎದ್ದು ಮತ್ತೆ ಬಿದ್ದ, ಮತ್ತೆ ಎದ್ದು ಮತ್ತೆ ಬಿದ್ದ. ಅಲಿಯ ಗುಟ್ಟಿನ ಜಾಗವೂ ಅದೇ, ಎಡಗೈ ಹುಕ್. ಕೈ ಕೆಳಗಿಟ್ಟು ತಲೆ ಹಿಂದಕ್ಕೆ ಎಳೆದುಕೊಳ್ಳುವ ಅಭ್ಯಾಸ ಅವನದು. 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಫ್ರೇಜಿಯರ್, ಇಬ್ಬರೂ ಅಲ್ಲೇ ಹಿಡಿದರು. ಹಾಗಾಗಿ ಮೊದಲ ನಾಲ್ಕು ರೌಂಡ್ ಅಲಿಗೆ ನಿಜವಾಗಿಯೂ ಕಂಟಕ. ಆದರೆ ಅಲಿ ಟೈಸನ್‌ನ ಕತ್ತು ಹಿಡಿದು ತನ್ನ ಭಾರ ಅವನ ಮೇಲೆ ಬಿಡುತ್ತಾನೆ. 1974ರಲ್ಲಿ ಫ್ರೇಜಿಯರ್‌ಗೆ ಹೀಗೇ ಮಾಡಿದ್ದ. ಐದನೇ ರೌಂಡ್ ದಾಟಿತು ಅಂದರೆ ಟೈಸನ್ ಏನು ಮಾಡುತ್ತಾನೆ? 1990ರ ಟೋಕಿಯೊ ನೆನಪಿಸಿಕೊಳ್ಳಿ. ಬಸ್ಟರ್ ಡಗ್ಲಸ್ ಉದ್ದ ಕೈಯಿಂದ ದೂರವೇ ನಿಲ್ಲಿಸಿದ. ಟೈಸನ್ ಕೊನೆವರೆಗೂ ಅದೇ ಒಂದು ದೊಡ್ಡ ಗುದ್ದಿಗೆ ಕಾದ. 8ನೇ ರೌಂಡಿನಲ್ಲಿ ಅದು ಬಿತ್ತು ಕೂಡ, ಆದರೆ ಡಗ್ಲಸ್ ಎದ್ದ. 10ರಲ್ಲಿ ಟೈಸನ್ ಮಂಡಿಯ ಮೇಲೆ ತೆವಳುತ್ತಾ, ಬಾಯಿಂದ ಬಿದ್ದ ಹಲ್ಲಿನ ಗಾರ್ಡ್ ಹುಡುಕುತ್ತಿದ್ದ. ಆ ದೃಶ್ಯ ನೋಡಿದರೆ ಇವತ್ತಿಗೂ ಕರುಳು ಚುರ್ ಅನ್ನುತ್ತದೆ. ನನ್ನ ತೀರ್ಪು, 9 ಅಥವಾ 10ನೇ ರೌಂಡಿನಲ್ಲಿ ಅಲಿ.

ಈಗಿನವರು ಎತ್ತರ ಜಾಸ್ತಿ, ತೂಕ ಜಾಸ್ತಿ, ಹಳಬರು ನಿಲ್ಲುವುದಿಲ್ಲ ಅನ್ನುವವರಿದ್ದಾರೆ. ಮಾರ್ಸಿಯಾನೊ ಮಟ್ಟಿಗೆ ಅದು ನಿಜವೇ. ಆದರೆ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ 6 ಅಡಿ 9 ಇಂಚಿನ ಬ್ರಿಟನ್ನಿನ ಟೈಸನ್ ಫ್ಯೂರಿಯನ್ನು, ಅವನಿಗಿಂತ ಅರ್ಧ ಅಡಿ ಗಿಡ್ಡ, 18 ಕಿಲೋದಷ್ಟು ಹಗುರ ಆಗಿದ್ದ ಉಕ್ರೇನಿನ ಉಸಿಕ್ ಸೋಲಿಸಿದ. ಉಸಿಕ್‌ನ ಎತ್ತರ ಅಲಿಯಷ್ಟೇ. ಇನ್ನು ಅವನ ಪಾದ ನೋಡಬೇಕು, ಒಂದು ಕಡೆ ನಿಲ್ಲುವುದೇ ಇಲ್ಲ.

ಅಲಿ ಅಂದರೂ ಯಾವ ಅಲಿ? 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ, 25ರಿಂದ 28ರ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಬರುವುದಿಲ್ಲ ಅಂದದ್ದಕ್ಕೆ ಅವನನ್ನು ಆಡಲು ಬಿಡಲಿಲ್ಲ. ಅವನ ಕಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಸುವು ಇರಬೇಕಾಗಿದ್ದ ವರ್ಷಗಳು ಅವು. ಆ ಅಲಿಯನ್ನು ಯಾರೂ ನೋಡಲಿಲ್ಲ. ಅವನನ್ನು ನಾವು ಕಲ್ಪನೆಯಲ್ಲೇ ನೋಡಬೇಕು.

ಆ ಅಲಿಗೆ ನಾನು ಹಚ್ಚುವ ಜೋಡಿ ಜೋ ಲೂಯಿಸ್. 12 ವರ್ಷ ಪಟ್ಟ, 25 ಸಲ ಅದನ್ನು ಉಳಿಸಿಕೊಂಡವನು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನ ಒಂದು ತಪ್ಪು ಕಂಡುಹಿಡಿದಿದ್ದ. ಜ್ಯಾಬ್ ಹೊಡೆದ ಮೇಲೆ ಲೂಯಿಸ್‌ನ ಎಡಗೈ ಕೆಳಗೆ ಬರುತ್ತಿತ್ತು. ಅದರ ಮೇಲಿಂದ ಬಲಗೈ ಬಿಟ್ಟು 12ನೇ ರೌಂಡಿನಲ್ಲಿ ಮಲಗಿಸಿದ. ಎರಡು ವರ್ಷ ಕಳೆದು 1938ರಲ್ಲಿ ಮತ್ತೆ ಎದುರಾದಾಗ ಆ ಕೈ ಕೆಳಗೆ ಬರಲೇ ಇಲ್ಲ. 124 ಸೆಕೆಂಡಿನಲ್ಲಿ ಪಂದ್ಯ ಮುಗಿಯಿತು. ಇಬ್ಬರೂ ಜಾರಿದ ಪಟ್ಟನ್ನು ತಿದ್ದಿಕೊಂಡವರೇ. ಮುತ್ಯಾ ಇದ್ದಿದ್ದರೆ ಇಬ್ಬರ ಕೈ ಹಿಡಿದು ಒಂದೇ ಸುತ್ತು ನಡೆಸಿ "ಹಚ್ಚ್ರಿ" ಅನ್ನುತ್ತಿದ್ದರು.

15 ರೌಂಡ್. ಲೂಯಿಸ್ ಕಾಲೆಳೆದುಕೊಂಡು ನಿಧಾನಕ್ಕೆ ಮುಂದೆ ಬರುತ್ತಾನೆ, ಗಿಡ್ಡ ಗುದ್ದು, ಒಂದೂ ದಂಡ ಇಲ್ಲ. ಅಲಿ ಸುತ್ತುತ್ತಾನೆ, ಜ್ಯಾಬ್, ಮತ್ತೆ ಜ್ಯಾಬ್. 11ನೇ ರೌಂಡಿನಲ್ಲಿ ಅಲಿ ತಲೆ ಹಿಂದಕ್ಕೆಳೆಯುತ್ತಾನೆ, ಲೂಯಿಸ್‌ನ ಎಡಗೈ ಹುಕ್ ತಪ್ಪುವುದಿಲ್ಲ. ಅಲಿ ಬೀಳುತ್ತಾನೆ. ಫ್ರೇಜಿಯರ್ ಕೆಡವಿದಾಗ ಹೇಗೆ ಥಟ್ಟನೆ ಎದ್ದನೋ ಹಾಗೇ ಏಳುತ್ತಾನೆ. 12ರಲ್ಲಿ ಕತ್ತು ಹಿಡಿದು ಉಸಿರು ತೆಗೆದುಕೊಳ್ಳುತ್ತಾನೆ. 13, 14, 15 ಮತ್ತೆ ಅವನ ಕಾಲಿನವು. ಬೆಳ್ಳಿ ಕಡಗ ಅಲಿಗೆ, ಅಂಕದ ಮೇಲೆ, ಒಂದೇ ರೌಂಡಿನ ಅಂತರದಲ್ಲಿ.

ನಮಸ್ಕಾರ.