ಗೀರು ಬಂತು ಅಂದ್ರೆ ದೆವ್ವ ಬಂತು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಸಂತೋಷ.

ಪರಿಚಯ ಮಾಡುವಾಗ ನನ್ನನ್ನು ಸಿನಿಮಾ ತಜ್ಞ ಅಂದರು. ಅಲ್ಲ. ನಾನು ರಾಜಾಜಿನಗರದಲ್ಲಿ ವಿಸಿಆರ್, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಕ್ಯಾಸೆಟ್ ಓಡಿಸೋ ಮಷೀನ್, ರಿಪೇರಿ ಮಾಡುತ್ತಿದ್ದವನು. 1986ರಿಂದ ಹೆಚ್ಚುಕಮ್ಮಿ 14 ವರ್ಷ. ಟೇಪ್ ಓದೋ ಹೆಡ್ ಕ್ಲೀನ್ ಮಾಡಿದ ಮೇಲೆ ಪಿಕ್ಚರ್ ಸರಿಯಾಗಿ ಬರುತ್ತಾ ಅಂತ ನೋಡಬೇಕಲ್ಲ, ಹಾಗೆ ನೋಡಿದ ಸಿನಿಮಾಗಳೇ ಜಾಸ್ತಿ. ಎಷ್ಟೋ ಸಿನಿಮಾಗಳಲ್ಲಿ ನನಗೆ ನಡುವಿನ ಹತ್ತು ನಿಮಿಷ ಮಾತ್ರ ಗೊತ್ತು.

ಆಗ ಟಿವಿ, ಕ್ಯಾಸೆಟ್ ಹಾಕಿ ನೋಡೋ ವಿಸಿಪಿ, ಮೂರು ಕ್ಯಾಸೆಟ್ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಕೊಡುತ್ತಿದ್ದರು. ಆಟೋದಲ್ಲಿ ಮೆರವಣಿಗೆ ಥರ ಬರುತ್ತಿತ್ತು. ವಠಾರದವರೆಲ್ಲ ದುಡ್ಡು ಹಾಕುತ್ತಿದ್ದರು. ಮೊದಲು ರಾಜ್‌ಕುಮಾರ್ ಸಿನಿಮಾ, ಅಜ್ಜಿಯರಿಗೆ. ಆಮೇಲೆ ಒಂದು ಹಿಂದಿ. ಮಕ್ಕಳು ಮಲಗಿದ ಮೇಲೆ, ಅಂದರೆ ಮಲಗಿದ ಹಾಗೆ ನಟಿಸಿದ ಮೇಲೆ, ದೆವ್ವದ್ದು.

ಮಾರನೇ ದಿನ ಮಷೀನ್ ನನ್ನ ಟೇಬಲ್ ಮೇಲೆ. ಒಳಗೆ ಕ್ಯಾಸೆಟ್ ಸಿಕ್ಕಿಕೊಂಡಿರುತ್ತಿತ್ತು. ತೆಗೆದು ಹಾಕಿ ನೋಡುತ್ತಿದ್ದೆ. ಹಾಗೆ ನೋಡುವಾಗಲೇ ಒಂದು ವಿಷಯ ಗಮನಕ್ಕೆ ಬಂತು. ಹಿಂದಿಯಲ್ಲಿ ದೆವ್ವದ ಸಿನಿಮಾ ಮಾಡುತ್ತಿದ್ದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ 1984ರದ್ದು. ಅದರಲ್ಲಿ ಸಾಮ್ರಿ ಅನ್ನೋ ಮಂತ್ರವಾದಿಯ ತಲೆಯನ್ನು ಕಡಿದು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಬೇರೆ ಬೇರೆ ವಿಡಿಯೊ ಲೈಬ್ರರಿಗಳ ಮೂರು ಕ್ಯಾಸೆಟ್ ನನ್ನ ಹತ್ತಿರ ಬಂದವು. ಮೂರರಲ್ಲೂ ಆ ತಲೆ ಕಾಣೋ ಹೊತ್ತಿಗೆ ಪರದೆ ಮೇಲೆ ಬಿಳಿ ಗೀರು. ಬೇರೆ ಕಡೆ ಟೇಪ್ ಚೆನ್ನಾಗೇ ಇತ್ತು.

ಕಾರಣ ಸರಳ. ವಿಸಿಆರ್ ಒಳಗೆ ಒಂದು ಡ್ರಮ್ ಇರುತ್ತೆ. ನಮ್ಮ ದೇಶದ ಟಿವಿ ಪದ್ಧತಿಯ, ಅಂದರೆ ಪಾಲ್ ಮಷೀನ್‌ಗಳಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತೆ. ಅದರ ಮೇಲಿನ ಹೆಡ್‌ಗಳು ಟೇಪನ್ನು ಸವರಿಕೊಂಡು ಹೋಗುತ್ತವೆ. ನೀವು ಪಿಕ್ಚರ್ ನಿಲ್ಲಿಸೋಕೆ ಪಾಜ್ ಬಟನ್ ಒತ್ತಿದರೆ ಟೇಪ್ ನಿಲ್ಲುತ್ತೆ, ಡ್ರಮ್ ನಿಲ್ಲೋದಿಲ್ಲ. ಒಂದೇ ಜಾಗವನ್ನು ಕೆರೆಯುತ್ತಾನೇ ಇರುತ್ತೆ. ಜನ ಎಲ್ಲಿ ನಿಲ್ಲಿಸಿದರು, ಎಲ್ಲಿ ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು, ಅಲ್ಲೆಲ್ಲ ಟೇಪ್ ಸವೆಯುತ್ತೆ. ರಾಮ್ಸೆ ಸಿನಿಮಾಗಳಲ್ಲಿ ಇನ್ನೊಂದು ಕಡೆಯೂ ಗೀರು ಇರುತ್ತಿತ್ತು, ಸ್ನಾನದ ದೃಶ್ಯಗಳಲ್ಲಿ. ಇಲ್ಲಿ ಹಿರಿಯರಿದ್ದಾರೆ, ಅದನ್ನು ಅಲ್ಲಿಗೇ ಬಿಡೋಣ.

ಈಗ ಯೋಚನೆ ಮಾಡಿ. ಐವತ್ತನೇ ಸಲ ಬಾಡಿಗೆಗೆ ತಂದವನಿಗೆ ಏನಾಗುತ್ತೆ? ದೆವ್ವಕ್ಕಿಂತ ಮುಂಚೆ ಗೀರು ಬರುತ್ತೆ. ಪಿಕ್ಚರ್ ಅಲ್ಲಾಡುತ್ತೆ, ಸೌಂಡ್ ಗೊರಗೊರ ಅನ್ನುತ್ತೆ. ಏನೋ ಬರ್ತಿದೆ ಅಂತ ಮೈ ಜುಮ್ ಅನ್ನುತ್ತೆ. ಅದನ್ನು ಡೈರೆಕ್ಟರ್ ಮಾಡಿದ್ದಲ್ಲ. ಮುಂಚೆ ನೋಡಿ ಹೆದರಿದ 49 ಮನೆಯವರು ಮಾಡಿದ್ದು. ಥಿಯೇಟರ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ. ಕೆ.ಜಿ. ರಸ್ತೆಯಲ್ಲಿ ಟಿಕೆಟ್ ತಗೊಂಡು ಕೂತರೆ ಸಿನಿಮಾ ಅದರ ಪಾಡಿಗೆ ಓಡುತ್ತೆ, ನೀವು ಸುಮ್ನೆ ನೋಡಬೇಕು.

ಹಾಗಾದರೆ ದೊಡ್ಡ ಸಿನಿಮಾಗಳಿಗೂ ಇದೇ ಆಗಬೇಕಿತ್ತಲ್ಲ ಅಂತ ಕೇಳಬಹುದು. ಅಲ್ಲಿ ಪಾಜ್ ಒತ್ತಿದರೆ ಸಿಗೋದು ಕಡಿಮೆ. ಬಡ ಸಿನಿಮಾದಲ್ಲಿ ಒತ್ತಿದರೆ ದಾರ ಕಾಣುತ್ತೆ, ಮಾಸ್ಕ್ ಅಂಚು ಕಾಣುತ್ತೆ. ‘ನೋಡೋ, ಅದು ರಬ್ಬರ್’ ಅಂತ ಒಬ್ಬ ಕೂಗುತ್ತಾನೆ. ಐದು ನಿಮಿಷ ಆದ ಮೇಲೆ ಅದೇ ಹುಡುಗ ಒಬ್ಬನೇ ಬಚ್ಚಲಿಗೆ ಹೋಗೋಕೆ ಒಪ್ಪೋದಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಹೆದರೋದು ಇದೆಯಲ್ಲ, ನನ್ನ ಪ್ರಕಾರ ಅದರ ರುಚಿನೇ ಬೇರೆ.

1978ರ ಇಂಗ್ಲಿಷ್ ಸಿನಿಮಾ ‘ಹ್ಯಾಲೋವೀನ್’ನ ಕೊಲೆಗಾರನ ಮುಖ ನೆನಪಿದೆಯಾ? ಅದು ‘ಸ್ಟಾರ್ ಟ್ರೆಕ್’ ಅನ್ನೋ ಟಿವಿ ಸೀರಿಯಲ್‌ನ ಕ್ಯಾಪ್ಟನ್ ಕರ್ಕ್‌ದು. ಅಂಗಡಿಯಿಂದ ಅಗ್ಗದ ಮಾಸ್ಕ್ ತಂದು ಬಿಳಿ ಬಣ್ಣ ಬಳಿದರು. ‘ಈವಿಲ್ ಡೆಡ್’ ಅನ್ನೋ ದೆವ್ವದ ಸಿನಿಮಾ ಮಾಡುವಾಗ ಡೈರೆಕ್ಟರ್ ಸ್ಯಾಮ್ ರೈಮಿಗೆ ಸುಮಾರು 20 ವರ್ಷ. ಕ್ಯಾಮೆರಾ ಕಾಡಿನಲ್ಲಿ ನುಗ್ಗಿ ಬರೋ ಹಾಗೆ ಬೇಕಿತ್ತು, ಅದಕ್ಕೆ ಬೇಕಾದ ಸಾಮಾನಿಗೆ ದುಡ್ಡಿಲ್ಲ. ಕ್ಯಾಮೆರಾವನ್ನು ಮರದ ಹಲಗೆಗೆ ಬಿಗಿದು, ಎರಡು ತುದಿ ಇಬ್ಬರು ಹಿಡಿದುಕೊಂಡು ಓಡಿದರು. ರಕ್ತ ಅಂದರೆ ಮೆಕ್ಕೆಜೋಳದ ಪಾಕ. ಇದನ್ನೆಲ್ಲ ಕೇಳಿದರೆ ನಾವೂ ಮಾಡಬಹುದು ಅನ್ಸುತ್ತೆ, ಅಲ್ವಾ?

ಆ ಪಾಕದ ರಕ್ತದ ಬಗ್ಗೆ ರಿಪೇರಿಯವನಾಗಿ ಒಂದು ಮಾತು. ವಿಎಚ್‌ಎಸ್‌ನಲ್ಲಿ, ಅಂದರೆ ನಮ್ಮ ಈ ಕ್ಯಾಸೆಟ್‌ಗಳಲ್ಲಿ, ಬಣ್ಣ ಬಹಳ ಒರಟಾಗಿ ರೆಕಾರ್ಡ್ ಆಗುತ್ತೆ. ಕೆಂಪಂತೂ ಗೆರೆ ದಾಟಿ ಪಕ್ಕಕ್ಕೆ ಹರಡುತ್ತೆ. ಸೀರೆ ಅಂಚಿದ್ದರೆ ಜನ ಬೈಯುತ್ತಿದ್ದರು. ರಕ್ತ ಇದ್ದರೆ ಯಾರೂ ಬೈಯಲಿಲ್ಲ. ಇನ್ನು ಕಾಪಿಯ ಕಾಪಿಯ ಕಾಪಿ ಆದರೆ ಕತ್ತಲೆ ಇನ್ನೂ ಗಟ್ಟಿಯಾಗುತ್ತೆ, ರಬ್ಬರ್‌ನ ಅಂಚು ಅದರಲ್ಲಿ ಮುಳುಗಿ ಹೋಗುತ್ತೆ. ಕೆಟ್ಟ ಕಾಪಿ ಕೆಟ್ಟ ಮೇಕಪ್‌ನ ಮಾನ ಉಳಿಸಿತು.

ಬ್ರಿಟನ್‌ನಲ್ಲಿ ಇಂಥ ಕ್ಯಾಸೆಟ್‌ಗಳಿಗೆ ಸರ್ಕಾರವೇ ಹೆದರಿತು. ಪೊಲೀಸರು ಅಂಗಡಿಗಳಿಂದ ಹೊತ್ತುಕೊಂಡು ಹೋದರು. ‘ಈವಿಲ್ ಡೆಡ್’ ಕೂಡ ಆ ಸಿನಿಮಾಗಳ ಪಟ್ಟಿಯಲ್ಲಿತ್ತು. 1984ರಲ್ಲಿ ಇಂಥ ಕ್ಯಾಸೆಟ್‌ಗಳನ್ನು ಹತೋಟಿಗೆ ತರೋಕೆ ಕಾಯ್ದೆ ತಂದರು. ತಮಾಷೆ ಏನು ಗೊತ್ತಾ? ಆ ಕಾಯ್ದೆಯ ಬಗ್ಗೆ ಯುರೋಪಿಯನ್ ಕಮಿಷನ್‌ಗೆ ತಿಳಿಸಬೇಕಿತ್ತು, ತಿಳಿಸಿರಲಿಲ್ಲ. ಅದು ಬೆಳಕಿಗೆ ಬಂದದ್ದು 2009ರಲ್ಲಿ. ಅಷ್ಟು ವರ್ಷ ಜಾರಿಯಲ್ಲಿದ್ದ ಕಾಯ್ದೆಗೆ ಬಲವೇ ಇರಲಿಲ್ಲ. 2010ರಲ್ಲಿ ಮತ್ತೆ ಪಾಸ್ ಮಾಡಿದರು. ಅದಕ್ಕಿಂತ ಒಳ್ಳೆ ದೆವ್ವದ ಕಥೆ ನಾನು ಕೇಳಿಲ್ಲ.

ನಮ್ಮೂರಲ್ಲಿ ಅಂಥ ಗಲಾಟೆ ಇರಲಿಲ್ಲ. ನಮ್ಮದು ಇನ್ನೂ ಕಡಿಮೆ ಬಜೆಟ್. 90ರ ದಶಕದಲ್ಲಿ ದೆವ್ವ ಒಳಗೆ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಬರೆದದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಕೈ ಎತ್ತಿ. ನೋಡಿ, ಅರ್ಧ ಸಭೆ. ಒಂದು ತುಂಡು ಸೀಮೆಸುಣ್ಣ, ಎರಡು ಪದ, ಬೀದಿಗೆ ಬೀದಿನೇ ನಡುಗಿತು. ನಾನು ಬರೆದಿರಲಿಲ್ಲ. ನನ್ನ ಹೆಂಡತಿ ಬರೆದಿದ್ದಳು, ಅಂಗಡಿ ಶಟರ್ ಮೇಲೂ ಸೇರಿಸಿ. ಗಿರಾಕಿಗಳು ಓದಿಕೊಂಡು ವಾಪಸ್ ಹೋದರು.

ಈಗ ಹಳೇ ಹಾರರ್ ಸಿನಿಮಾಗಳನ್ನು ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿ, ತೊಳೆದು, ಬ್ಲೂ-ರೇಯಲ್ಲಿ ತರುತ್ತಾರೆ. ರಾಮ್ಸೆ ಸಿನಿಮಾಗಳನ್ನೂ ಹೊರದೇಶದ ಕಂಪನಿಯೊಂದು ಡಿಸ್ಕ್ ಮಾಡಿದೆ. ನನ್ನ ಮಗ ತಂದು ತೋರಿಸಿದ. ಬಹಳ ಚೆನ್ನಾಗಿದೆ. ಕ್ಯಾಮೆರಾದವರು ಬಣ್ಣದ ಲೈಟಿನಲ್ಲಿ ಎಷ್ಟು ಕಷ್ಟಪಟ್ಟಿದ್ದರು ಅಂತ ಈಗ ಗೊತ್ತಾಯಿತು. ಕ್ಯಾಸೆಟ್‌ನಲ್ಲಿ ನಮಗೆ ಅರ್ಧವೂ ಕಂಡಿರಲಿಲ್ಲ, ಒಪ್ಪುತ್ತೇನೆ. ಆದರೆ ಪೆಟ್ಟಿಗೆ ಕಂಡಾಗ ನಾನು ಗೀರಿಗೆ ಕಾಯ್ತಾ ಇದ್ದೆ. ಬರಲಿಲ್ಲ. ತಲೆ ಸುಮ್ನೆ ಬಂತು, ಹೋಯಿತು.

ಹೋದ ತಿಂಗಳು ಒಬ್ಬ ಹುಡುಗಿ ಅವರ ತಾತನ ಕ್ಯಾಸೆಟ್ ತಂದಿದ್ದಳು. ಲೇಬಲ್ ಇಲ್ಲ, ಫಂಗಸ್ ಹಿಡಿದಿತ್ತು. ಕಂಪ್ಯೂಟರ್‌ಗೆ ಹಾಕಿಕೊಡಿ, ಆಗುವಷ್ಟು ಕ್ಲೀನ್ ಮಾಡಿ ಅಂದಳು. ಫಂಗಸ್ ತೆಗೆದೆ. ಒಂದು ಕಡೆ ದೊಡ್ಡ ಗೀರಿತ್ತು. ‘ಇದನ್ನೂ ತೆಗೀಬೇಕೇನಮ್ಮಾ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿ, ‘ತಾತ ಇಲ್ಲೇ ನಿಲ್ಲಿಸ್ತಿದ್ರು ಅಂಕಲ್, ಬಿಡಿ’ ಅಂದಳು.

ಅವಳನ್ನು ಕೇಳಿಕೊಂಡೇ ಆ ಕ್ಯಾಸೆಟ್ ಇವತ್ತು ತಂದಿದ್ದೇನೆ. ಮಷೀನ್ ಇಲ್ಲಿದೆ. ಹತ್ತು ನಿಮಿಷ ಹಾಕುತ್ತೇನೆ. ಗೀರು ಬಂದಾಗ ಯಾರೂ ಟ್ರ್ಯಾಕಿಂಗ್ ಸರಿ ಮಾಡಿ ಅಂತ ಕೂಗಬೇಡಿ. ಆ ಹಿಂದಿನವರು, ದಯವಿಟ್ಟು ಲೈಟ್ ಆರಿಸಿ.